ನಾಲ್ಕನೆಯ ಸ್ಟೇ

ಜಮ್‌ಶೆಡ್‌ಪುರ
೧೨–೨–೧೯೮೧

ಅಪ್ಪನವರಿಗೆ ಗಿರಿಯಪ್ಪನ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ, ಹೊತ್ತು ಹೊತ್ತಿಗೆ ಊಟ ಸಿಗುತ್ತಿದೆ, ಅವ್ವನಿಗೆ ಇಷ್ಟು ಹೇಳಿದರೆ ಸಾಕು. ಯುಗಾದಿಗೆ ಬರಲು ಆಗುವುದಿಲ್ಲ ಎಂದೂ ನೀವೇ ಹೇಳಬೇಕು. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಕಾರ್ಖಾನೆಗಳಿಗೆ ಎಂಥ ಉಕ್ಕಿನ ಕೊಳವೆ ಬೇಕು ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ ಎಂದು ನಿಮಗೆ ಗೊತ್ತು. ಬೆರಳುದ್ದದ ಉಕ್ಕಿನ ತುಂಡನ್ನು ಕಾಯುವ ಕುಲುಮೆಯೊಳಗೆ ನೇತುಹಾಕಿ, ಅದಕ್ಕೆ ಭಾರ ಕಟ್ಟಿ, ಹತ್ತು ಸಾವಿರ ಗಂಟೆ ನೋಡುತ್ತಾ ಕೂರಬೇಕು. ಅದು ಕೂದಲೆಳೆಯಷ್ಟು ಜಗ್ಗಿದರೆ ಬರೆದಿಡಬೇಕು. ಈಗಿನ್ನೂ ನಾಲ್ಕು ಸಾವಿರ ಗಂಟೆ ಆಗಿದೆ. ಅಷ್ಟರಲ್ಲಿ ಉಕ್ಕಿಗಿಂತ ನಾನೇ ಹೆಚ್ಚು ಜಗ್ಗಿದ್ದೇನೆ.

ಈ ಕಾಗದ ಬರೆಯಲು ಬೇರೆ ಕಾರಣವಿದೆ. ನೀವು ರೈಲ್ವೆ ಶೆಡ್ಡಿನಲ್ಲಿ ಬಾಯ್ಲರ್ ಮೇಕರ್ ಎಂದು ನಮ್ಮ ಸಾಹೇಬರಿಗೆ ಮೊನ್ನೆ ಹೇಳಿದೆ. ಬಾಯ್ಲರಿನೊಳಗೆ ಮುರಿದಿರುವುದನ್ನು ಸುತ್ತಿಗೆಯ ಸದ್ದಿನಿಂದಲೇ ಕಂಡುಹಿಡಿಯುವವರು ಇನ್ನೂ ಇದ್ದಾರೆಯೇ ಎಂದು ಅವರಿಗೆ ಆಶ್ಚರ್ಯ. ಅದನ್ನು ಹೇಗೆ ಮಾಡುತ್ತೀರಿ ಎಂದು, ಶೆಡ್ಡನ್ನೇ ನೋಡದವರಿಗೆ ಅರ್ಥವಾಗುವ ಹಾಗೆ, ನಿಮ್ಮಿಂದ ಬರೆಸಿ ತರಿಸು ಎಂದಿದ್ದಾರೆ.

ಇನ್ನೊಂದು ಮಾತು. ದೀಪಾವಳಿಗೆ ಬಂದಾಗ, ಈ ಕೆಲಸ ಬಿಟ್ಟು ಭದ್ರಾವತಿ ಕಡೆಗೆ ಬರಲೇ ಎಂದು ಜಗುಲಿಯ ಮೇಲೆ ಕೂತು ಕೇಳಿದೆ. ನೀವು "ಹೂಂ" ಎಂದಿರಿ. ಬೇಡವೇ ಎಂದೆ. ಅದಕ್ಕೂ "ಹೂಂ" ಎಂದಿರಿ. ಮಗನ ಮಾತಿಗೆ ಅಷ್ಟೂ ಬೆಲೆ ಇಲ್ಲವೇ ಎಂದು ನನಗೆ ನೋವಾಯಿತು. ಮೂರು ತಿಂಗಳು ಕಾಗದ ಬರೆಯದಿದ್ದದ್ದು ಅದಕ್ಕೇ.

ನಿಮ್ಮ ಮಗ,
ಗಿರಿಯಪ್ಪ

*

ಕಡೂರು
೯–೩–೧೯೮೧

ಚಿ. ಗಿರಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲೆಂದು ಮೂರು ಸಲ ಕೂತೆ, ಮೂರು ಸಲ ಎದ್ದೆ. ನಿಮ್ಮ ಸಾಹೇಬರು ಕೇಳಿರುವುದನ್ನು ಮೊದಲು ಬರೆದು ಮುಗಿಸುತ್ತೇನೆ.

ಇಂಜಿನ್ನಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಉರಿಯುವ ಗೂಡಿದೆ, ಅದೇ ಫೈರ್‌ಬಾಕ್ಸ್. ಅದರ ಸುತ್ತ ನೀರು, ನೀರಿನ ಸುತ್ತ ಹೊರಗೋಡೆ. ಒಳಗೋಡೆಯನ್ನು ಹೊರಗೋಡೆಗೆ ಬಿಗಿದು ಹಿಡಿದಿರುವುದು ಹೆಬ್ಬೆರಳು ದಪ್ಪದ ಕಬ್ಬಿಣದ ಕಡ್ಡಿಗಳು. ಅವಕ್ಕೆ ಸ್ಟೇ ಎನ್ನುತ್ತೇವೆ. ಒಂದು ಇಂಜಿನ್ನಿಗೆ ಐನೂರಕ್ಕೂ ಹೆಚ್ಚು ಸ್ಟೇಗಳಿರುತ್ತವೆ. ಒಂದು ಮುರಿದರೆ ಅದರ ಹೊರೆ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಒಂದೇ ಕಡೆ ನಾಲ್ಕೈದು ಹೋದರೆ ಗೋಡೆ ಉಬ್ಬಿ ಹರಿಯುತ್ತದೆ, ಆಮೇಲೆ ಡ್ರೈವರ್ ಎಲ್ಲಿ, ಫೈರ್‌ಮನ್ ಎಲ್ಲಿ ಎಂದು ಹುಡುಕಬೇಕಾಗುತ್ತದೆ.

ಮುರಿಯುವುದು ನೀರಿನೊಳಗೆ, ಹಾಗಾಗಿ ಕಣ್ಣಿಗೆ ಕಾಣಿಸುವುದಿಲ್ಲ. ಮುರಿದಾಗ ಆವಿ ಹೊರಗೆ ಬರಲಿ ಎಂದು ತುದಿಯಲ್ಲಿ ತೂತು ಕೊರೆದಿರುತ್ತಾರೆ, ಅದರಲ್ಲಿ ಮಸಿ ಕಟ್ಟಿಕೊಂಡಿರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಬೆಂಕಿ ಆರಿಸಿ, ನೀರು ಬಸಿದು, ಕಲ್ಲಿದ್ದಲು ಹಾಕುವ ಬಾಗಿಲಲ್ಲೇ ನುಸುಳಿ ಒಳಗೆ ಹೋಗಿ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿಯಾಗಿರುವುದು ಟಣ್ ಎನ್ನುತ್ತದೆ, ಮುರಿದದ್ದು ಡಬ್ ಎನ್ನುತ್ತದೆ. ಅರ್ಧ ಬಿರಿದದ್ದು ಟಣ್ ಎಂದು ಶುರುವಾಗಿ ನಡುವೆಯೇ ನಿಂತುಬಿಡುತ್ತದೆ. ಅದನ್ನು ಹಿಡಿಯುವ ಕಿವಿ ಬರಲು ಹತ್ತು ವರ್ಷ ಬೇಕು. ಕೆಟ್ಟದ್ದರ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಹೊರಗೆ ಬಂದು ರಿಜಿಸ್ಟರಿನಲ್ಲಿ ಬಾಯ್ಲರ್ ಮೇಕರ್ ರುಜು ಮಾಡಬೇಕು. ಆ ರುಜು ಬೀಳದೆ ಇಂಜಿನ್ ಶೆಡ್ಡು ಬಿಡುವ ಹಾಗಿಲ್ಲ.

ಸಾಹೇಬರಿಗೆ ಇಷ್ಟು ಸಾಕು. ಈ ಹಾಳೆಯನ್ನು ಅವರಿಗೆ ಕೊಡು, ಮುಂದಿನದನ್ನು ನೀನೊಬ್ಬನೇ ಓದು.

ಗಿರಿ, ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಹೋಗಿ ಆರು ವರ್ಷವಾಯಿತು, ಬಲಗಿವಿ ಎಪ್ಪತ್ತೆಂಟರ ಕೊನೆಯಲ್ಲಿ ಹೋಯಿತು. ಮೂವತ್ತು ವರ್ಷ ಕಬ್ಬಿಣದ ಡಬ್ಬಿಯೊಳಗೆ ಕೂತು ಸುತ್ತಿಗೆ ಹೊಡೆದವನಿಗೆ ಇನ್ನೇನಾಗಬೇಕು? ನೀನು ಜಗುಲಿಯ ಮೇಲೆ ಏನು ಕೇಳಿದೆ ಎಂದು ನನಗೆ ಗೊತ್ತಾದದ್ದು ಈ ಕಾಗದದಿಂದ. ನಿನ್ನ ಬಾಯಿ ಆಡುವುದು ನಿಂತಾಗ "ಹೂಂ" ಎನ್ನುತ್ತಿದ್ದೆ. ನಿಮ್ಮವ್ವನಿಗೆ ಗೊತ್ತು. ಅವಳು ಮದುವೆಯಾದಾಗಿನಿಂದಲೂ ಗಟ್ಟಿಯಾಗಿಯೇ ಮಾತಾಡುವವಳಾದ್ದರಿಂದ ಬೀದಿಯವರಿಗೆ ಅನುಮಾನ ಬಂದಿಲ್ಲ.

ಹಾಗಾದರೆ ಶೆಡ್ಡಿನಲ್ಲಿ ಕೆಲಸ ಹೇಗೆ ಎಂದು ಕೇಳುತ್ತೀಯೆ. ಫೈರ್‌ಮನ್ ತಿಮ್ಮಪ್ಪ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅವನ ಹೆಂಡತಿ ಹಾಲಮ್ಮನಿಗೆ ಖಲಾಸಿ ಎಂದು ಕೈಯಾಳಿನ ಕೆಲಸ ಕೊಟ್ಟರು. ಅವಳು ನನ್ನ ಜೊತೆ ಫೈರ್‌ಬಾಕ್ಸಿನೊಳಗೆ ಬಂದು ದೀಪ ಹಿಡಿಯುತ್ತಾಳೆ. ಒಂದು ದಿನ ನಾನು ತಟ್ಟಿ ಮುಂದಕ್ಕೆ ಹೋದೆ, ಅವಳು ನನ್ನ ತೋಳು ಹಿಡಿದು ಹಿಂದಕ್ಕೆಳೆದು, ಬಿಟ್ಟುಹೋದದ್ದನ್ನು ತೋರಿಸಿದಳು. ಅವಳಿಗೆ ಅರ್ಥವಾಗಿಬಿಟ್ಟಿತ್ತು. ಅವತ್ತಿನಿಂದ ನಾನು ತಟ್ಟುತ್ತೇನೆ, ಅವಳು ಕೇಳುತ್ತಾಳೆ. ಕೆಟ್ಟದ್ದಿದ್ದರೆ ದೀಪ ಹಿಡಿದ ಕೈಯ ಒಂದು ಬೆರಳೆತ್ತುತ್ತಾಳೆ, ನಾನು ಸೀಮೆಸುಣ್ಣ ಹಾಕುತ್ತೇನೆ. ಹತ್ತು ವರ್ಷ ಬೇಕು ಎಂದೆನಲ್ಲ, ಅವಳಿಗೆ ಆರು ತಿಂಗಳು ಸಾಕಾಯಿತು. ಎರಡು ವರ್ಷದಿಂದ ಈ ಶೆಡ್ಡಿನ ಇಂಜಿನ್ನುಗಳೆಲ್ಲ ಅವಳ ಕಿವಿಯ ಮೇಲೆ, ನನ್ನ ರುಜುವಿನ ಮೇಲೆ ಓಡುತ್ತಿವೆ.

ಬರೆದದ್ದಾಯಿತು. ಇನ್ನು ಊಟ ಮಾಡುತ್ತೇನೆ.

ಮುದ್ದಪ್ಪ

*

ಜಮ್‌ಶೆಡ್‌ಪುರ
೨–೪–೧೯೮೧

ಅಪ್ಪ,

ಮೊದಲು ಕ್ಷಮಿಸಿ. ಮೂರು ತಿಂಗಳು ಹಟ ಹಿಡಿದದ್ದಕ್ಕೆ ನನಗೆ ನಾಚಿಕೆಯಾಗಿದೆ.

ಮೊದಲ ಹಾಳೆಯನ್ನು ಸಾಹೇಬರು ಟೈಪು ಮಾಡಿಸಿ ಇಟ್ಟುಕೊಂಡಿದ್ದಾರೆ. ಎರಡನೆಯದನ್ನು ನಾನು ಸುಟ್ಟಿದ್ದೇನೆ. ನೀವು ನಿವೃತ್ತರಾಗುವುದು ಮುಂದಿನ ವರ್ಷ ಜೂನಿಗೆ. ಇನ್ನು ಹದಿನೈದು ತಿಂಗಳು. ಈಗ ಬಾಯಿಬಿಟ್ಟರೆ ಇಷ್ಟು ವರ್ಷದ ರುಜುಗಳನ್ನೆಲ್ಲ ಕೆದಕುತ್ತಾರೆ. ಹೇಗೂ ಹಾಲಮ್ಮನವರ ಕಿವಿ ಚೆನ್ನಾಗಿದೆ ಎನ್ನುತ್ತೀರಿ, ಯಾವ ಅನಾಹುತವೂ ಆಗಿಲ್ಲ. ದಯವಿಟ್ಟು ಸುಮ್ಮನಿದ್ದುಬಿಡಿ. ಇದು ಸರಿಯಾದ ಮಾತಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನನಗೆ ನನ್ನ ಅಪ್ಪ ಮುಖ್ಯ.

ಗಿರಿಯಪ್ಪ

*

ಕಡೂರು
೨೦–೭–೧೯೮೧

ಚಿ. ಗಿರಿಗೆ,

ನಿನ್ನ ಮಾತಿನಂತೆ ಮೂರು ತಿಂಗಳು ಸುಮ್ಮನಿದ್ದೆ. ಹೋದ ತಿಂಗಳು ಹಾಲಮ್ಮನಿಗೆ ಜ್ವರ ಬಂದು ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಎರಡನೆಯ ದಿನ ಒಂದು ಇಂಜಿನ್ ಪರೀಕ್ಷೆಗೆ ನಿಂತಿತು. ನಾಳೆ ಮಾಡುತ್ತೇನೆ ಎಂದೆ. ಫೋರ್‌ಮನ್ ಮಲ್ಲಿಕಾರ್ಜುನಯ್ಯ ಗಡಿಯಾರ ತೋರಿಸಿದ. ಒಳಗೆ ಹೋಗಿ, ಎಡಗೈಯನ್ನು ಗೋಡೆಗೆ ಒತ್ತಿಟ್ಟುಕೊಂಡು, ಬಲಗೈಯಲ್ಲಿ ತಟ್ಟುತ್ತಾ ಹೋದೆ. ಗಟ್ಟಿ ಇದ್ದರೆ ಅಂಗೈ ಜುಮ್ಮೆನ್ನುತ್ತದೆ. ಸುಮಾರಾಗಿ ತಿಳಿಯುತ್ತದೆ. ಎರಡಕ್ಕೆ ಗುರುತು ಹಾಕಿ, ಹೊರಗೆ ಬಂದು ರುಜು ಮಾಡಿದೆ.

ಆ ಇಂಜಿನ್ ಮಾರನೆಯ ದಿನ ಪ್ಯಾಸೆಂಜರ್ ಗಾಡಿಗೆ ಕಟ್ಟಿಕೊಂಡು ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಯಿತು. ಸಂತೆಯ ದಿನ, ಗಾಡಿಯ ಬಾಗಿಲಲ್ಲೆಲ್ಲ ಜನ. ಅದು ವಾಪಸು ಬರುವವರೆಗೆ ನಾನು ಶೆಡ್ಡಿನ ಮುಂದಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಊಟದ ಬುತ್ತಿ ಬಿಚ್ಚಲಿಲ್ಲ. ಅದು ಬಂದ ಮೇಲೆ ನೇರವಾಗಿ ಮಲ್ಲಿಕಾರ್ಜುನಯ್ಯನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಕೆಟ್ಟವನಲ್ಲ. ನನಗೆ ಕೇಳಿಸುವುದಿಲ್ಲವೆಂದು ಚೀಟಿಯ ಮೇಲೆ ಬರೆದು ತೋರಿಸಿದ: "ಸುಮ್ಕಿರ್ರೀ ಮುದ್ದಪ್ಪ. ಒಂದ್ ವರ್ಷ ಕಣ್ರೀ. ನಂಗೇನೂ ಗೊತ್ತಿಲ್ಲ, ನೀವೇನೂ ಹೇಳಿಲ್ಲ." ನೀನೂ ಅವನೂ ಮಾತಾಡಿಕೊಂಡಿದ್ದೀರೋ ಏನೋ ಎನ್ನಿಸಿತು.

ಆ ಚೀಟಿಯನ್ನು ಮಡಿಸಿ ಅವನಿಗೇ ಕೊಟ್ಟು, ಅರ್ಜಿ ಬರೆದು ಮೇಲಿನ ಕಛೇರಿಗೆ ಕಳಿಸಿದ್ದೇನೆ. ನನಗೆ ಕೇಳಿಸುವುದಿಲ್ಲ, ಎರಡು ವರ್ಷದಿಂದ ಕೇಳಿದ್ದೆಲ್ಲ ಖಲಾಸಿ ಹಾಲಮ್ಮ, ನನ್ನ ಬದಲು ಆ ಕೆಲಸ ಅವಳಿಗೆ ಕೊಡಿ ಎಂದು ಬರೆದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಯಾರಿಗೇನು ಕೆಡುಕಾದೀತು ಎಂದುಕೊಂಡೆ.

ಮುದ್ದಪ್ಪ

*

ಅಜ್ಜಂಪುರ
೨೮–೯–೧೯೮೧

ಚಿ. ಗಿರಿಗೆ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಡಾಕ್ಟರು ನನ್ನ ಕಿವಿಯ ಹಿಂದೆ ಗಂಟೆ ಬಾರಿಸಿದರಂತೆ, ನಾನು ಗೋಡೆ ನೋಡುತ್ತಿದ್ದೆನಂತೆ. ಬಾಯ್ಲರ್ ಕೆಲಸದಿಂದ ತೆಗೆದು ಇಲ್ಲಿ ಇಂಜಿನ್ನುಗಳಿಗೆ ನೀರೆತ್ತುವ ಪಂಪಿನ ಮನೆಗೆ ಹಾಕಿದ್ದಾರೆ. ಬೆಳಗ್ಗೆ ಗಾಡಿಯಲ್ಲಿ ಬಂದು ಸಂಜೆ ಕಡೂರಿಗೆ ಹೋಗುತ್ತೇನೆ. ಪಂಪಿನ ಸದ್ದಿಗೆ ತಲೆ ಕೆಡುತ್ತದೆ ಎಂದು ಹಿಂದಿನವನು ಬಿಟ್ಟು ಹೋಗಿದ್ದನಂತೆ, ನನಗೆ ಆ ತೊಂದರೆ ಇಲ್ಲ.

ನನ್ನ ಕಥೆ ಅಷ್ಟಕ್ಕೇ ಮುಗಿಯಿತು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಪ್ರಾಮಾಣಿಕ ಮನುಷ್ಯ ಎಂದು ಬೆನ್ನು ತಟ್ಟಿದವರೂ ಇದ್ದಾರೆ. ಪೆಟ್ಟು ಬಿದ್ದದ್ದು ಹಾಲಮ್ಮನಿಗೆ. ಖಲಾಸಿಯಾಗಿ ತನ್ನದಲ್ಲದ ಕೆಲಸ ಮಾಡಿದ್ದಾಳೆ, ಇಂಜಿನ್ನುಗಳನ್ನು ಅಪಾಯಕ್ಕೆ ಒಡ್ಡಿದ್ದಾಳೆ, ಯಾಕೆ ಕೆಲಸದಿಂದ ತೆಗೆಯಬಾರದು ಹೇಳು ಎಂದು ಅವಳಿಗೆ ಕಾಗದ ಕೊಟ್ಟಿದ್ದಾರೆ. ತೀರ್ಮಾನವಾಗುವವರೆಗೆ ಬೂದಿ ಗುಂಡಿಯಲ್ಲಿ ಬೂದಿ ಬಳಿಯಲು ಹಾಕಿದ್ದಾರೆ. ಅವಳ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಆ ಸಂಬಳವೊಂದು ನಿಂತರೆ ಆ ಮನೆಗೆ ಬೇರೇನೂ ಇಲ್ಲ.

ತರೀಕೆರೆಯಲ್ಲಿರುವ ಅವಳ ಮನೆಗೆ ಹೋಗಿದ್ದೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಾಫಿ ಕೊಟ್ಟಳು. ನನ್ನ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ, "ನೀವು ನನ್ ಹೆಸ್ರು ಬರೀಬಾರ್ದಿತ್ತು ಕಣಣ್ಣ. ನಿಮ್ದಷ್ಟೇ ಬರ್ಕೊಂಡಿದ್ರೆ ಆಗ್ತಿತ್ತು" ಎಂದಳು. ಅದೊಂದೇ ಮಾತು. ನಾನು ಅವಳಿಗೆ ಒಳ್ಳೆಯದು ಮಾಡುತ್ತೇನೆಂದು ಹೊರಟೆ, ಅವಳನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಈಗ ಅವಳನ್ನು ಪರೀಕ್ಷೆ ಮಾಡಿ ನೋಡಿ, ಆಮೇಲೆ ಬೇಕಾದರೆ ತೆಗೆಯಿರಿ ಎಂದು ಅರ್ಜಿಯ ಮೇಲೆ ಅರ್ಜಿ ಹಾಕುತ್ತಿದ್ದೇನೆ. ಸಾಕಾಗಿದೆ ಗಿರಿ.

ಮುದ್ದಪ್ಪ

*

ಅಜ್ಜಂಪುರ
೧೮–೧೧–೧೯೮೧

ಚಿ. ಗಿರಿಗೆ,

ನೀನು ಕಳಿಸಿದ ಎರಡು ಕಾಗದಗಳೂ ತಲುಪಿವೆ. ಅಂತೂ ಅವಳ ಪರೀಕ್ಷೆ ನಡೆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಏಕೆಂದರೆ ಅದು ನಿನ್ನ ಮೇಜಿಗೇ ಬರಲಿದೆ.

ಮೇಲಿನಿಂದ ಒಬ್ಬ ಇಂಜಿನಿಯರ್ ಸಾಹೇಬರು ಬಂದಿದ್ದರು. ನನ್ನ ಜಾಗಕ್ಕೆ ಬಂದಿರುವ ಹೊಸ ಬಾಯ್ಲರ್ ಮೇಕರು ಹೋದ ತಿಂಗಳು ಒಂದು ಇಂಜಿನ್ ನೋಡಿ, ಅದರ ಎಡಗೋಡೆಯಲ್ಲಿ ಮೂರು ಸ್ಟೇ ಮುರಿದಿವೆ ಎಂದು ಬರೆದಿದ್ದ. ಇನ್ನೂ ಬದಲಾಯಿಸಿರಲಿಲ್ಲ. ಸಾಹೇಬರು ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಸೀಮೆಸುಣ್ಣದ ಗುರುತು ಒರೆಸಿಸಿ, ಹಾಲಮ್ಮನನ್ನು ಒಳಗೆ ಕಳಿಸಿದರು. ನನಗೆ ಹೊರಗೆ ನಿಲ್ಲಲು ಅಪ್ಪಣೆಯಾಯಿತು, ಅಲ್ಲಿ ಆಡಿದ ಮಾತನ್ನು ಮಲ್ಲಿಕಾರ್ಜುನಯ್ಯ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದ. ಅವಳ ಕೈಗೆ ಸುತ್ತಿಗೆ ಬಂದದ್ದು ಅವತ್ತೇ ಮೊದಲು.

ಅವಳು ಹೊರಗೆ ಬಂದು "ನಾಲ್ಕು" ಎಂದಳು. ಮೂರು ಪಟ್ಟಿಗೆ ಸರಿಹೋದವು. ನಾಲ್ಕನೆಯದು ಹೊಸಬ ಚೆನ್ನಾಗಿದೆ ಎಂದದ್ದು, ಮೇಲಿನಿಂದ ನಾಲ್ಕನೆಯ ಸಾಲು, ಏಳನೆಯದು. ಸಾಹೇಬರು ನಕ್ಕು, ಕಣ್ಣುಮುಚ್ಚಿ ಹೇಳಿದರೂ ಕೆಲವು ಸರಿಯಾಗುತ್ತವೆ ಎಂದರು. ಒಂದು ತಪ್ಪಿದರೆ ಪರೀಕ್ಷೆ ತಪ್ಪಿದ ಹಾಗೆ. ನಾನು ಮಧ್ಯೆ ಹೋಗಿ, ಅದನ್ನು ಕೊಯ್ದು ತೆಗೆಯಿಸಿ ನೋಡಿ ಎಂದೆ. ಎಷ್ಟು ಗಟ್ಟಿಯಾಗಿ ಕೂಗಿದೆನೋ ಗೊತ್ತಿಲ್ಲ, ಎಲ್ಲರೂ ತಿರುಗಿ ನೋಡಿದರು. ಹಾಲಮ್ಮ ಮಾತ್ರ ಬೇಡ ಎನ್ನುವಂತೆ ಕೈಯಾಡಿಸುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡು ನಾನು ಬಿಡಲಿಲ್ಲ.

ಕೊಯ್ದು ತೆಗೆದರು. ಪೂರ್ತಿ ಮುರಿದಿರಲಿಲ್ಲ, ಒಂದು ಮಗ್ಗುಲಲ್ಲಿ ಬಿರುಕು ಇತ್ತು. ಕೊಯ್ಯುವಾಗ ಬಿದ್ದ ಬಿರುಕು ಎಂದು ಹೊಸಬ ಹೇಳಿದ. ಇಲ್ಲ, ಹಳೆಯದು ಎಂದೆ. ಇದನ್ನು ಯಾರು ಹೇಳಬೇಕು ಎಂಬ ಪ್ರಶ್ನೆ ಬಂತು. ಜಮ್‌ಶೆಡ್‌ಪುರದ ಲ್ಯಾಬಿಗೆ ಕಳಿಸಿ ಎಂದೆ. ಮಗ ಅಲ್ಲಿದ್ದಾನೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಮಗನಲ್ಲ, ಅಲ್ಲಿನ ಸಾಹೇಬರು ರುಜು ಮಾಡುವುದಾದರೆ ಆಗಬಹುದು ಎಂದರು. ಆ ತುಂಡೂ ಶೆಡ್ಡಿನ ರಿಜಿಸ್ಟರಿನ ನಕಲೂ ಈಗಾಗಲೇ ರೈಲು ಹತ್ತಿವೆ. ಹಳೆಯ ಬಿರುಕಾದರೆ ಅವಳ ಕೆಲಸ ಉಳಿಯುತ್ತದೆ, ಕೊಯ್ಯುವಾಗ ಆದದ್ದಾದರೆ ಹೋಗುತ್ತದೆ.

ನಮಗೆ ಅನುಕೂಲವಾಗುವ ಹಾಗೆ ಬರೆ ಎಂದು ನಾನು ಹೇಳುವುದಿಲ್ಲ. ಕಬ್ಬಿಣ ಏನು ಹೇಳುತ್ತದೋ ಅದನ್ನು ಬರೆ.

ಮುದ್ದಪ್ಪ

*

ತರೀಕೆರೆ
೨–೧೨–೧೯೮೧

ತಮ್ಮ ಗಿರಿಯಪ್ಪನವರಿಗೆ ಹಾಲಮ್ಮ ತಿಳಿಸುವುದೇನೆಂದರೆ,

ನಾನು ಅಮೃತಾಪುರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದಬೇಕು. ಇದನ್ನು ಮಗಳ ಕೈಲಿ ಬರೆಸಿಲ್ಲ, ನಾನೇ ಬರೆದಿದ್ದೇನೆ. ನಿಮ್ಮ ತಂದೆಯವರಿಗೂ ಹೇಳಿಲ್ಲ.

ಆ ನಾಲ್ಕನೆಯ ಸ್ಟೇ ಕೊಯ್ಯುವಾಗ ಬಿರಿಯಿತು ಎಂದು ಬರೆದುಬಿಡಿ. ನನಗೆ ಅವತ್ತು ಸರಿಯಾಗಿ ಕೇಳಿಸಲಿಲ್ಲ ಎಂದು ನಾನೂ ಹೇಳುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ದೇವನೂರಿನಲ್ಲಿ ನಮ್ಮಣ್ಣನ ಹೊಲವಿದೆ, ಹೇಗೋ ಆಗುತ್ತದೆ. ನಿಮ್ಮ ತಂದೆಯವರು ಜೂನಿಗೆ ಮನೆಗೆ ಹೋಗುವವರು. ಮರ್ಯಾದೆಯಾಗಿ ಹೋಗಲಿ.

ಯಾಕೆ ಏನು ಎಂದು ಕೇಳಬೇಡಿ. ಅವರು ನನಗೆ ಮಾಡಿದ್ದು ಬಹಳ ಇದೆ. ಬರೀ ದೀಪ ಹಿಡಿದುಕೊಂಡಿದ್ದವಳಿಗೆ ಕಬ್ಬಿಣದ ಸದ್ದು ಹೇಳಿಕೊಟ್ಟರು. ಇಂಥದ್ದು ಇಂಥದ್ದು ಎಂದು ಬಿಡಿಸಿ ಹೇಳಲು ಅವರಿಗೇ ಕೇಳಿಸುತ್ತಿರಲಿಲ್ಲ, ಆದರೂ ನೆನಪಿನಿಂದ ಹೇಳಿಕೊಟ್ಟರು. ಈಗ ಬೂದಿ ಬಳಿಯುತ್ತಾ ಇರುವಾಗ ಶೆಡ್ಡಿನೊಳಗೆ ಯಾರಾದರೂ ತಟ್ಟಿದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ.

ಇಂತಿ,
ಹಾಲಮ್ಮ

*

ಜಮ್‌ಶೆಡ್‌ಪುರ
೧೧–೧–೧೯೮೨

ಅಪ್ಪ,

ಇದು ನಾನು ಹರಿದು ಹರಿದು ಬರೆಯುತ್ತಿರುವ ನಾಲ್ಕನೆಯ ಕಾಗದ.

ಆ ತುಂಡು ಬಂದು ತಿಂಗಳಾಯಿತು. ಬಿರುಕನ್ನು ಬಿಡಿಸಿ ಒಳಮುಖ ನೋಡಿದೆ. ಕೊಯ್ಯುವಾಗ ಆದದ್ದಾದರೆ ಒಳಮುಖ ಬೆಳ್ಳಗೆ ಹೊಳೆಯಬೇಕಿತ್ತು. ಇದರ ಮುಕ್ಕಾಲು ಭಾಗ ಕಪ್ಪು ಕಿಟ್ಟ ಹಿಡಿದಿದೆ. ಬಿರುಕು ಹಳೆಯದು, ಸಂಶಯವೇ ಇಲ್ಲ. ಹಾಲಮ್ಮನವರಿಗೆ ಸರಿಯಾಗಿಯೇ ಕೇಳಿಸಿದೆ. ಲಕ್ಷಗಟ್ಟಲೆ ಬೆಲೆಯ ನಮ್ಮ ಯಂತ್ರ ಹೇಳಿದ್ದನ್ನೇ ಅವರು ಸುತ್ತಿಗೆಯಿಂದ ಹೇಳಿದ್ದಾರೆ ಎಂದು ನಮ್ಮ ಸಾಹೇಬರು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕಿಟ್ಟದ ಮೇಲೆ ಗೆರೆಗಳಿವೆ ಅಪ್ಪ. ತೊಳೆಯಲೆಂದು ಬಾಯ್ಲರ್ ಆರಿಸಿದಾಗಲೆಲ್ಲ ಬಿರುಕು ಒಂದಿಷ್ಟು ಮುಂದೆ ಹೋಗಿ ನಿಂತಿದೆ, ನಿಂತಲ್ಲಿ ಒಂದು ಗೆರೆ ಬಿದ್ದಿದೆ. ಇಪ್ಪತ್ತಾರು ಗೆರೆ ಎಣಿಸಿದೆ. ಆ ಇಂಜಿನ್ನನ್ನು ತಿಂಗಳಿಗೊಮ್ಮೆ ತೊಳೆದಿದ್ದಾರೆ ಎಂದು ರಿಜಿಸ್ಟರಿನಲ್ಲಿದೆ. ಅಂದರೆ ಎರಡು ವರ್ಷ ಮೇಲೆ ಎರಡು ತಿಂಗಳು. ಒಂದೆರಡು ತಿಂಗಳು ಹೆಚ್ಚು ಕಡಿಮೆ ಇರಬಹುದು, ಅದಕ್ಕಿಂತ ಹೆಚ್ಚಿನ ತಪ್ಪಿಲ್ಲ. ಎಂಬತ್ತರ ಅಕ್ಟೋಬರಿನಲ್ಲಿ ನೀವು ಆ ಇಂಜಿನ್ ಪರೀಕ್ಷೆ ಮಾಡಿದಾಗ ಅದು ಹತ್ತಿರ ಹತ್ತಿರ ಅರ್ಧ ಬಿರಿದಿತ್ತು. ಆ ಪುಟದ ನಕಲು ನನ್ನ ಮುಂದಿದೆ. ಎಡಗೋಡೆಯ ಸ್ಟೇಗಳೆಲ್ಲ ಸರಿ ಎಂದಿದೆ. ಕೆಳಗೆ ನಿಮ್ಮ ರುಜು ಇದೆ.

ಬಿರುಕು ಹಳೆಯದು ಎಂದಷ್ಟೇ ಬರೆದು ನಿಲ್ಲಿಸಬಹುದು. ಆದರೆ ಎಷ್ಟು ಹಳೆಯದು ಎಂದು ಅವರು ಕೇಳಿಯೇ ಕೇಳುತ್ತಾರೆ, ಹೊಸಬನ ತಲೆ ಉಳಿಯಬೇಕಲ್ಲ. ವಯಸ್ಸು ಬರೆದರೆ ಕಿವಿ ಕೇಳದವನು ಕೆಟ್ಟ ಸ್ಟೇಗೆ ರುಜು ಹಾಕಿದ ಎಂದು ನಿಮ್ಮ ಮೇಲೆ ವಿಚಾರಣೆ ಬರುತ್ತದೆ. ಪಿಂಚಣಿಗೆ ಇನ್ನು ಐದು ತಿಂಗಳಿದೆ. ಅದೂ ಅಲ್ಲದೆ ಅವತ್ತು ನಿಮ್ಮ ಜೊತೆ ಹಾಲಮ್ಮನವರೂ ಇದ್ದರಲ್ಲವೇ? ಆಗ ಅವರಿಗೇಕೆ ಕೇಳಿಸಲಿಲ್ಲ ಎಂದು ಕೇಳಿದರೆ ಅವರ ಕೆಲಸವೂ ಹೋಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆ.

ಹಾಲಮ್ಮನವರು ನಿಮಗೆ ತಿಳಿಸದೆ ನನಗೊಂದು ಕಾಗದ ಬರೆದಿದ್ದಾರೆ. ಕೊಯ್ಯುವಾಗ ಆದದ್ದೆಂದು ಬರೆದುಬಿಡಿ ಎಂದು ಕೇಳಿಕೊಂಡಿದ್ದಾರೆ. ಕಾರಣ ಕೇಳಬೇಡಿ ಎಂದಿದ್ದಾರೆ. ಅವರನ್ನು ಕೇಳುವುದಿಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ. ಅವತ್ತು ಆ ಗೂಡಿನೊಳಗೆ ಏನಾಯಿತು?

ಸಾಹೇಬರು ಇಪ್ಪತ್ತೈದರವರೆಗೆ ಕಾಯುತ್ತೇನೆ ಎಂದಿದ್ದಾರೆ. ಆಮೇಲೆ ನಾನು ಕೊಟ್ಟದ್ದಕ್ಕೆ ಅವರು ರುಜು ಹಾಕುತ್ತಾರೆ.

ಗಿರಿಯಪ್ಪ

*

ಕಡೂರು
೧೭–೧–೧೯೮೨

ಚಿ. ಗಿರಿಗೆ,

ನಿನ್ನ ಕಾಗದ ಇವತ್ತು ಬಂತು. ಓದಿ ಮುಗಿಸಿ, ನಿಮ್ಮವ್ವ ಕೇಳಿದ್ದಕ್ಕೆ ಏನೂ ಇಲ್ಲ ಎಂದು ಹೇಳಿ, ಈಗ ಕೂತಿದ್ದೇನೆ.

ಅವತ್ತಿನದು ನನಗೆ ಈಗ ನೆನಪಿದೆ. ಮರೆತೇಬಿಟ್ಟಿದ್ದೆ, ಸಾಹೇಬರ ಪರೀಕ್ಷೆಯ ದಿನ ಅವಳು ಬೇಡ ಬೇಡ ಎಂದು ಕೈಯಾಡಿಸಿದರೂ ನನಗೆ ನೆನಪಾಗಲಿಲ್ಲ. ನಾಲ್ಕನೆಯ ಸಾಲು, ಏಳನೆಯದು ಎಂದು ನಾನೇ ನಿನಗೆ ಬರೆದೆ, ಆಗಲೂ ಆಗಲಿಲ್ಲ. ಅಕ್ಟೋಬರು ಎಂದು ನಿನ್ನ ಕಾಗದದಲ್ಲಿ ಓದಿದ ಮೇಲೆ ಎಲ್ಲ ಬಂತು.

ಅವಳಿಗೆ ಕೇಳಿಸಿತ್ತು. ನಾನು ತಟ್ಟಿದೆ, ಅವಳು ಬೆರಳೆತ್ತಿದಳು. ಅದೇ ಹೊತ್ತಿಗೆ ಮಲ್ಲಿಕಾರ್ಜುನಯ್ಯ ಯಾರೋ ಹೊರಗಿನ ಅಧಿಕಾರಿಯನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ತಲೆ ತೂರಿಸಿದ್ದ. ಇವರೇ ನಮ್ಮ ಮುದ್ದಪ್ಪ, ಇವರ ಕಿವಿಗೆ ಸಾಟಿ ಇಲ್ಲ ಎಂದು ಹೇಳುತ್ತಿದ್ದಿರಬೇಕು, ಅವನ ಬಾಯಿ ಹಾಗೆ ಆಡುತ್ತಿತ್ತು. ಆ ಇಬ್ಬರ ಮುಂದೆ ಒಬ್ಬ ಖಲಾಸಿ ಹೆಂಗಸಿನ ಬೆರಳು ನೋಡಿ ಸೀಮೆಸುಣ್ಣ ಹಾಕಲು ನನಗೆ ನಾಚಿಕೆಯಾಯಿತು. ಗೋಡೆಗೆ ಅಂಗೈ ಇಟ್ಟು ಇನ್ನೊಂದು ಸಲ ತಟ್ಟಿದೆ. ಜುಮ್ಮೆಂದ ಹಾಗಾಯಿತು. ಅವಳು ಮತ್ತೆ ಬೆರಳೆತ್ತಿದಳು. ನಾನು ಅವಳನ್ನು ಕಣ್ಣು ಬಿಟ್ಟು ನೋಡಿದೆ. ಅವಳು ಬೆರಳು ಮಡಿಸಿ, ದೀಪವನ್ನು ಮುಂದಿನದಕ್ಕೆ ಹಿಡಿದಳು.

ಒಂದು ವರ್ಷ ಆ ಇಂಜಿನ್ ಓಡಿತು. ನಾನು ಶೆಡ್ಡಿನಲ್ಲಿದ್ದಷ್ಟು ದಿನವೂ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ದೀಪ ಹಿಡಿದಳು. ಅವಳ ಕೆಲಸಕ್ಕೇ ಕುತ್ತು ಬಂದಾಗಲೂ, "ನಾನು ಹೇಳಿದ್ದೆ, ಇವರು ಕೇಳಲಿಲ್ಲ" ಎಂದು ಯಾರ ಹತ್ತಿರವೂ ಹೇಳಲಿಲ್ಲ. ಪರೀಕ್ಷೆಯ ದಿನ ಆ ಒಂದನ್ನು ಬಿಟ್ಟು ಮೂರು ಎಂದಿದ್ದರೆ ಅವಳು ಗೆದ್ದಿರುತ್ತಿದ್ದಳು. ಅವಳಿಗೆ ಪಟ್ಟಿಯಲ್ಲಿ ಎಷ್ಟಿದೆ ಎಂದು ಗೊತ್ತಿರಲಿಲ್ಲ, ಆದರೆ ಆ ಏಳನೆಯದು ಯಾವುದೆಂದು ಗೊತ್ತಿತ್ತು. ನನ್ನನ್ನು ಉಳಿಸಲು ಅದನ್ನು ಬಿಟ್ಟುಬಿಡಬಹುದಿತ್ತು. ಕೆಟ್ಟ ಸ್ಟೇಯನ್ನು ಒಳ್ಳೆಯದು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆಮೇಲೆ ನಿನಗೆ ಸುಳ್ಳು ಬರೆ ಎಂದು ಕಾಗದ ಬರೆದಳು, ಅದೂ ತನ್ನ ತಲೆಯ ಮೇಲೆ ಹಾಕಿಕೊಳ್ಳುವ ಸುಳ್ಳು.

ಎರಡು ವರ್ಷ ಎರಡು ತಿಂಗಳು ಎಂದು ಬರೆ. ಗೆರೆ ಎಷ್ಟು ಎಂದೂ ಬರೆ. ನನ್ನ ಪಿಂಚಣಿಯ ಚಿಂತೆ ಬೇಡ. ಏನು ಕೊಡುತ್ತಾರೋ ಅದರಲ್ಲಿ ನಿಮ್ಮವ್ವ ಮನೆ ನಡೆಸುತ್ತಾಳೆ, ಸಾಲದಿದ್ದರೆ ಬೈಯುತ್ತಾಳೆ, ಅದು ನನಗೆ ಕೇಳಿಸುವುದಿಲ್ಲ. ಪ್ರಾಮಾಣಿಕ ಮನುಷ್ಯ ಎಂದು ಬೆನ್ನು ತಟ್ಟಿಸಿಕೊಂಡೆನಲ್ಲ, ಅದನ್ನು ನೆನೆದರೆ ಮಾತ್ರ ಮೈಯೆಲ್ಲ ಮುಳ್ಳಾಗುತ್ತದೆ.

ನಾಳೆ ಪಂಪಿನ ಮನೆಗೆ ರಜೆ ಹಾಕಿ ಶೆಡ್ಡಿಗೆ ಹೋಗುತ್ತೇನೆ. ಈ ಸಲ ಅವಳನ್ನು ಕೇಳಿಯೇ ಬರೆಯಬೇಕು ಎಂದು ಮೊದಲು ತರೀಕೆರೆಗೆ ಹೋಗೋಣ ಎಂದುಕೊಂಡೆ. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತು, ಅದಕ್ಕೇ ಕೇಳುವುದಿಲ್ಲ. ಬಿರುಕು ಎಷ್ಟು ಹಳೆಯದು ಎಂದು ನೀನು ಕಬ್ಬಿಣ ನೋಡಿ ಹೇಳಬಲ್ಲೆ. ಅವಳು ಎರಡು ಸಲ ಬೆರಳೆತ್ತಿದ್ದು ಅದರಲ್ಲಿ ಕಾಣಿಸುವುದಿಲ್ಲ. ಅದನ್ನು ನಾನು ಬರೆದುಕೊಡುತ್ತೇನೆ.

ನಿನ್ನ ಅಪ್ಪ,
ಮುದ್ದಪ್ಪ